ಗ್ಯಾಂಗಿನಲ್ಲಿ ಉಳಿದ ಮಾತು, ಪೇಟೆಯಲ್ಲಿ ನಿಂತ ಮಾತು: ವಿಜಯಪುರ ಜಿಲ್ಲೆಯ ಒಂದು ತಾಂಡಾದ ಪ್ರಕರಣ

ಬಸವನಬಾಗೇವಾಡಿ ತಾಲೂಕಿನ ಒಂದು ಲಂಬಾಣಿ ತಾಂಡಾದಲ್ಲಿ ಕೆಲವು ವರ್ಷಗಳಿಂದ ನಡೆಯುತ್ತಿರುವ ಸಂಗತಿ ಇದು. ಹೆಸರು ಹಾಕಬೇಡಿ ಎಂದು ಅಲ್ಲಿಯವರು ಹೇಳಿದ್ದಾರೆ, ಹಾಗಾಗಿ ಸುಮ್ನೆ ತಾಂಡಾ ಅಂತಲೇ ಕರೆಯುತ್ತೇನೆ. ಒಂದರಿಂದ ಐದನೇ ತರಗತಿವರೆಗೆ ಸರ್ಕಾರಿ ಕನ್ನಡ ಶಾಲೆ, ಹೆಡ್ ಮಾಸ್ತರರಲ್ಲದೆ ಇಬ್ಬರು ಶಿಕ್ಷಕರು. ಪಕ್ಕದಲ್ಲೇ ಅಂಗನವಾಡಿ, ಎದುರಿಗೆ ಸೇವಾಲಾಲ್ ಗುಡಿ. ಹೊಲ ಎಲ್ಲ ಮಳೆ ನಂಬಿದ್ದು. ತೊಗರಿ, ಜೋಳ, ಅದಾದ ಮೇಲೆ ಗುಳೆ. ಆ ಭಾಗದ ಶಾಲೆಗಳಿಗೆ ಹೋಗಿ ಶಿಕ್ಷಕರ ಜೊತೆ ಕೂತು ಮಕ್ಕಳ ಕಲಿಕೆ ನೋಡುವುದು ನನ್ನ ಕೆಲಸ. ನನ್ನ ಮನೆಮಾತು ಕನ್ನಡ. ಲಂಬಾಣಿ ಅರ್ಧಂಬರ್ಧ ತಿಳಿಯುತ್ತದೆ, ಆಡಲು ಬರುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕಂದರೆ ಹೊರಗಿನವರು ಎಲ್ಲಿವರೆಗೆ ಬರಬೇಕು, ಎಲ್ಲಿ ನಿಲ್ಲಬೇಕು ಅನ್ನುವುದೇ ಈ ಪ್ರಕರಣದ ಅರ್ಧ ಭಾಗ.

ವಿಷಯ ಶುರುವಾದದ್ದು ಒಂದು ಸೇವಾಲಾಲ್ ಜಯಂತಿಯ ದಿನ, ಫೆಬ್ರವರಿ 15ಕ್ಕೆ. ಡಿಗ್ರಿ ಮುಗಿಸಿದ ನಾಲ್ಕಾರು ಹುಡುಗರು ಎಸ್‌ಡಿಎಂಸಿ (ಶಾಲೆಯ ಉಸ್ತುವಾರಿ ಸಮಿತಿ) ಅಧ್ಯಕ್ಷರನ್ನೂ ಹೆಡ್ ಮಾಸ್ತರರನ್ನೂ ಕೂರಿಸಿಕೊಂಡು ಒಂದು ಅರ್ಜಿ ಕೊಟ್ಟರು. ಶಾಲೆಯಲ್ಲಿ ವಾರಕ್ಕೆ ಎರಡು ಪಿರಿಯಡ್ ನಮ್ಮ ಭಾಷೆ ಕಲಿಸಬೇಕು ಎಂದು. ಗಂಡಸರು ಚಪ್ಪಾಳೆ ತಟ್ಟಿದರು. ಹಿಂದೆ ಕೂತಿದ್ದ ಹೆಂಗಸರಲ್ಲಿ ಒಬ್ಬರು ಎದ್ದು ನಿಂತು ಹೇಳಿದರು: ‘ನಮ್ ಮಾತು ಮನ್ಯಾಗ ಆಡ್ತಾವ್ರೀ. ಅದಕ್ಕ ಸಾಲಿ ಯಾಕ ಬೇಕು? ಸಾಲ್ಯಾಗ ಇಂಗ್ಲಿಷ್ ಕಲಸ್ರಿ. ನಮ್ಮಂಗ ಕಬ್ಬ ಕಡ್ಯಾಕ ಹೋಗೂದು ತಪ್ಪಲಿ.’

ಅಲ್ಲಿಗೆ ಸಭೆ ಎರಡಾಯಿತು. ಹೆಡ್ ಮಾಸ್ತರ್ ನನ್ನ ಕಡೆ ನೋಡಿದರು. ಅವರಿಗೆ ಇನ್ನೊಂದೇ ಚಿಂತೆ ಇತ್ತು. ಮೂರನೇ ತರಗತಿಗೆ ಬಂದರೂ ಅರ್ಧ ಮಕ್ಕಳು ಕನ್ನಡ ಓದುತ್ತಿರಲಿಲ್ಲ. ಅದರ ನಡುವೆ ಇನ್ನೊಂದು ಭಾಷೆ ಎಲ್ಲಿಂದ ತರೋದು, ಅಲ್ವಾ?

ಮಾತಿನ ಹಿನ್ನೆಲೆ

ಲಂಬಾಣಿಗರು ತಮ್ಮನ್ನು ಗೋರ್ ಎಂದು, ಮಾತನ್ನು ಗೋರ್ ಬೋಲಿ ಎಂದು ಕರೆದುಕೊಳ್ಳುತ್ತಾರೆ. ರಾಜಸ್ಥಾನಿ ಮಾತುಗಳ ಬಳಗಕ್ಕೆ ಸೇರಿದ್ದು. ಎತ್ತುಗಳ ಮೇಲೆ ಉಪ್ಪು, ಧಾನ್ಯ ಹೇರಿಕೊಂಡು ದಕ್ಷಿಣಕ್ಕೆ ಬಂದವರು, ಮೊಗಲರ ದಂಡಿಗೂ ಬ್ರಿಟಿಷರ ದಂಡಿಗೂ ಕಾಳು ಸಾಗಿಸಿದವರು. ರೈಲು ಬಂದ ಮೇಲೆ ಆ ವ್ಯಾಪಾರ ಮುರಿದುಬಿತ್ತು. 1871ರಲ್ಲಿ ಬ್ರಿಟಿಷರು ಅಪರಾಧಿ ಬುಡಕಟ್ಟುಗಳ ಕಾಯ್ದೆ ತಂದರು, ಅಲೆದಾಡುವವರೆಲ್ಲ ಅನುಮಾನಕ್ಕೆ ಸಿಕ್ಕರು. ಹೀಗೆ ಊರಿನಿಂದ ಸ್ವಲ್ಪ ದೂರ, ಗುಡ್ಡದ ಓರೆಗೆ, ತಾಂಡಾಗಳು ನಿಂತವು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನಬಾಗೇವಾಡಿ, ಯಾವ ಕಡೆ ಹೋದರೂ ರಸ್ತೆಯಲ್ಲಿ ತಾಂಡಾದ ಬೋರ್ಡು ಸಿಗುತ್ತದೆ.

ಈ ಮಾತಿಗೆ ಹಳೆಯ ಲಿಪಿ ಇಲ್ಲ. ಸಂವಿಧಾನದ ಎಂಟನೇ ಅನುಸೂಚಿಯ 22 ಭಾಷೆಗಳಲ್ಲಿ ಸೇರಿಲ್ಲ. ಹಾಗಂತ ಆಡುವವರು ಕಡಿಮೆಯೇನಲ್ಲ. 2011ರ ಜನಗಣತಿಯಲ್ಲಿ ಲಮಾಣಿ/ಲಂಬಾಡಿ ಎಂದು ಬರೆಸಿದವರು 32 ಲಕ್ಷಕ್ಕೂ ಜಾಸ್ತಿ, ಬಂಜಾರಿ ಎಂದು ಬರೆಸಿದವರು ಬೇರೆ 15 ಲಕ್ಷಕ್ಕೂ ಜಾಸ್ತಿ. ಎರಡನ್ನೂ ಹಿಂದಿಯ ಲೆಕ್ಕದೊಳಗೆ ಹಾಕಿದ್ದಾರೆ. ಹಿಂದಿಯ ದೊಡ್ಡ ಅಂಕಿಗೆ ನಮ್ಮ ಬಾಗೇವಾಡಿ ಸೀಮೆಯ ಅಜ್ಜಿಯರೂ ತಮಗೆ ಗೊತ್ತಿಲ್ಲದೆ ಪಾಲು ಕೊಟ್ಟಿದ್ದಾರೆ!

ಕಾನೂನು ಹೇಳುವುದು ಒಳ್ಳೆಯದನ್ನೇ. 1956ರಲ್ಲಿ ಸಂವಿಧಾನಕ್ಕೆ ಸೇರಿದ 350ಎ ವಿಧಿಯ ಪ್ರಕಾರ ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಕಲಿಸಲು ರಾಜ್ಯಗಳು ಪ್ರಯತ್ನಿಸಬೇಕು. 2020ರ ಶಿಕ್ಷಣ ನೀತಿ ಕೂಡ ಸಾಧ್ಯವಾದಲ್ಲೆಲ್ಲ ಐದನೇ ತರಗತಿವರೆಗೆ ಮನೆಮಾತು ಎನ್ನುತ್ತದೆ. ಒಡಿಶಾದಲ್ಲಿ 2007ರ ಹೊತ್ತಿಗೇ ಹತ್ತು ಆದಿವಾಸಿ ಭಾಷೆಗಳಲ್ಲಿ ಶಾಲೆ ಪಾಠ ಶುರುವಾಯಿತು. ಹುಡುಗರು ಆ ಉದಾಹರಣೆಯನ್ನೇ ಅರ್ಜಿಯಲ್ಲಿ ಬರೆದಿದ್ದರು. ಆದರೆ ಒಡಿಶಾದ ಕೆಲಸ ನಡೆದದ್ದು ಪರಿಶಿಷ್ಟ ಪಂಗಡದವರ ಶಾಲೆಗಳಲ್ಲಿ. ಲಂಬಾಣಿಗರು ತೆಲಂಗಾಣದಲ್ಲಿ ಪರಿಶಿಷ್ಟ ಪಂಗಡ, ಮಹಾರಾಷ್ಟ್ರದಲ್ಲಿ ವಿಮುಕ್ತ ಜಾತಿ, ನಮ್ಮಲ್ಲಿ ಪರಿಶಿಷ್ಟ ಜಾತಿ. ಒಂದೇ ಮಾತು, ಮೂರು ಕಡತ. ಬುಡಕಟ್ಟು ಭಾಷೆ ಎಂದು ಬರುವ ಯೋಜನೆ ನಮ್ಮ ತಾಂಡಾದ ಬಾಗಿಲಿಗೆ ಬರುವುದಿಲ್ಲ.

ಕರ್ನಾಟಕದಲ್ಲಿ ಮಾತೃಭಾಷಾ ಶಿಕ್ಷಣ ಎಂದ ಕೂಡಲೇ ನಮಗೆ ನೆನಪಾಗುವುದು ಕನ್ನಡ ಮತ್ತು ಇಂಗ್ಲಿಷ್ ಜಗಳ. 2014ರಲ್ಲಿ ಸುಪ್ರೀಂ ಕೋರ್ಟು ಮಾತೃಭಾಷೆ ಯಾವುದೆಂದು ತೀರ್ಮಾನಿಸುವವರು ಪಾಲಕರು, ಮಾಧ್ಯಮವನ್ನು ಸರ್ಕಾರ ಹೇರುವಂತಿಲ್ಲ ಎಂದಿತು. ಆಗ ನಾವೆಲ್ಲ ಬೇಸರಪಟ್ಟೆವು. ಆ ಗಲಾಟೆಯಲ್ಲಿ ಕನ್ನಡವೇ ಎರಡನೇ ಭಾಷೆಯಾಗಿರುವ ಮಕ್ಕಳ ಮಾತು ಯಾರ ಬಾಯಲ್ಲೂ ಬರಲಿಲ್ಲ. ನಾನೂ ಎತ್ತಿರಲಿಲ್ಲ ಬಿಡಿ.

ಮೊಟ್ಟೆ, ಬಾಳೆಹಣ್ಣಿನ ಲೆಕ್ಕ

ಶಾಲೆಯ ಸಮಸ್ಯೆ ಏನು ಅನ್ನುವುದು ಬಯಲಾದದ್ದು ತರಗತಿಯಲ್ಲಲ್ಲ, ಬಿಸಿಯೂಟದ ಕೋಣೆಯಲ್ಲಿ.

ಒಂದನೇ ತರಗತಿಯಲ್ಲಿ ಒಬ್ಬ ಹುಡುಗಿ ಇದ್ದಳು. ಜೂನ್‌ನಲ್ಲಿ ಸೇರಿದವಳು ಆಗಸ್ಟ್ ಮುಗಿದರೂ ತರಗತಿಯಲ್ಲಿ ಬಾಯಿ ಬಿಟ್ಟಿರಲಿಲ್ಲ. ಚಟುವಟಿಕೆಯಿಂದ ಕಲಿಸುವ ನಲಿ-ಕಲಿ ಪದ್ಧತಿಯ ಕಾರ್ಡು ಕೊಟ್ಟರೆ ತಿರುಗಿಸಿ ಮುರುಗಿಸಿ ನೋಡಿ ಕೆಳಗಿಡುತ್ತಿದ್ದಳು. ಪ್ರಗತಿ ಪಟ್ಟಿಯಲ್ಲಿ ಅವಳ ಹೆಸರಿನ ಮುಂದೆ ಏನೂ ಇರಲಿಲ್ಲ. ಮೇಡಮ್ ನನಗೆ ಮೆಲ್ಲಗೆ ‘ಸ್ವಲ್ಪ ಮಂದ ಇರಬೇಕು ಸರ್’ ಎಂದರು.

2021ರ ಡಿಸೆಂಬರ್‌ನಲ್ಲಿ ನಮ್ಮ ಜಿಲ್ಲೆಯೂ ಸೇರಿ ಕೆಲವು ಜಿಲ್ಲೆಗಳ ಶಾಲೆಗಳಲ್ಲಿ ಮೊಟ್ಟೆ ಕೊಡುವುದು ಶುರುವಾಗಿತ್ತು. ತಿನ್ನದವರಿಗೆ ಬಾಳೆಹಣ್ಣು. ಈ ಹುಡುಗಿ ಊಟದ ಹೊತ್ತಿಗೆ ಅಡುಗೆಯವರ ಪಕ್ಕ ಹೋಗಿ ನಿಂತುಬಿಡುತ್ತಿದ್ದಳು. ಒಂದು ದಿನ ನಾನು ಅಲ್ಲೇ ಕಟ್ಟೆಯ ಮೇಲೆ ಕೂತಿದ್ದೆ. ಅವಳು ಸಾಲಿನಲ್ಲಿ ಕೂತವರನ್ನು ಬೆರಳು ಮಾಡಿ ಎಣಿಸುತ್ತಿದ್ದಳು: ಏಕ್, ದಿ, ತೀನ್, ಚಾರ್. ಎಲ್ಲೂ ತಪ್ಪದೆ ಸಾಲಿನ ಕೊನೆ ಮುಟ್ಟಿದಳು. ಇವನಿಗೆ ಮೊಟ್ಟೆ, ಇವಳಿಗೆ ಬಾಳೆಹಣ್ಣು, ಇವನು ಇವತ್ತು ಬಂದಿಲ್ಲ, ಅವನ ಪಾಲಿನದು ಒಂದು ಉಳಿಯುತ್ತದೆ. ಇಷ್ಟನ್ನೂ ಅಡುಗೆಯವರಿಗೆ ತನ್ನ ಮಾತಲ್ಲಿ ಹೇಳಿ, ಉಳಿದದ್ದನ್ನು ಎತ್ತಿಡಿಸಿದಳು. ಕಳೆಯುವ ಲೆಕ್ಕ ಅದು. ತರಗತಿಯಲ್ಲಿ ನಾವಿನ್ನೂ ಒಂದರಿಂದ ಒಂಬತ್ತರಲ್ಲಿದ್ದೆವು.

ಅಡುಗೆಯವರು ತಾಂಡಾದವರೇ. ನನ್ನ ಮುಖ ನೋಡಿ ನಕ್ಕರು. ‘ಅಕಿಗಿ ಎಲ್ಲಾ ತಿಳೀತೈತ್ರಿ ಸರ. ನಿಮ್ ಮಾತು ತಿಳಿಯಂಗಿಲ್ಲ, ಅಷ್ಟ.’

ಆಮೇಲೆ ಗಮನಿಸಿದರೆ, ಮಕ್ಕಳು ಪಾಠದ ನಡುವೆ ನೀರು ಕುಡಿಯುವ ನೆಪ ಮಾಡಿಕೊಂಡು ಅಡುಗೆ ಕೋಣೆಗೆ ಹೋಗುತ್ತಿದ್ದದ್ದು ಮೇಡಮ್ ಹೇಳಿದ್ದು ಏನೆಂದು ಕೇಳಿಕೊಂಡು ಬರುವುದಕ್ಕೆ. ಒಗ್ಗರಣೆ ಹಾಕುತ್ತಲೇ ಅವರು ಅರ್ಥ ಹೇಳಿ ಕಳಿಸುತ್ತಿದ್ದರು. ವರ್ಷಗಟ್ಟಲೆ ಶಾಲೆ ನಡೆದದ್ದು ಹೀಗೆ. ಯಾವ ದಾಖಲೆಯಲ್ಲೂ ಇದು ಇಲ್ಲ.

ಇದನ್ನೇ ಮುಂದಿನ ತಾಯಂದಿರ ಸಭೆಯಲ್ಲಿ ಇಟ್ಟೆವು. ಗೋರ್ ಬೋಲಿಯನ್ನು ಒಂದು ವಿಷಯವಾಗಿ ಕಲಿಸುವುದು ಬೇರೆ, ಕನ್ನಡ ಮತ್ತು ಲೆಕ್ಕ ಕಲಿಸುವಾಗ ಗೋರ್ ಬೋಲಿ ಬಳಸುವುದು ಬೇರೆ. ಮೊದಲನೆಯದು ಸದ್ಯಕ್ಕೆ ಬೇಡ, ಎರಡನೆಯದು ಮಾಡೋಣವೇ ಎಂದು ಕೇಳಿದೆವು. ಜಯಂತಿಯ ದಿನ ಎದ್ದು ನಿಂತಿದ್ದ ತಾಯಿಯೇ ಮೊದಲು ಒಪ್ಪಿದರು. ‘ಹಂಗಾರ ಜಲ್ದಿ ಕಲೀತಾವ ಅನ್ರಿ’ ಎಂದರು. ಹುಡುಗರಿಗೆ ಇದು ಸಪ್ಪೆ ಎನಿಸಿತು. ಭಾಷೆಗೆ ಮರ್ಯಾದೆ ಕೇಳಲು ಬಂದರೆ ನೀವು ಅದನ್ನು ಏಣಿ ಮಾಡುತ್ತೀರಿ, ಹತ್ತಿದ ಮೇಲೆ ಬಿಸಾಡುತ್ತೀರಿ ಎಂದರು. ಅವರ ಮಾತಲ್ಲಿ ನಿಜ ಇತ್ತು. ಆದರೂ ಆರು ವರ್ಷದ ಮಗು ಮೊದಲ ದಿನದಿಂದಲೇ ಬಾಯಿ ಬಿಡುವಂತಾಗುವುದು ನನಗೆ ದೊಡ್ಡ ಮರ್ಯಾದೆಯೇ.

ಮಾಡುವವರು ಯಾರು? ಅಡುಗೆಯವರನ್ನು ತರಗತಿಗೆ ಕರೆಯಲು ನಿಯಮ ಬಿಡುವುದಿಲ್ಲ, ಅವರಿಗೆ ಹೊತ್ತೂ ಇಲ್ಲ. ಮರುವರ್ಷ ಒಬ್ಬ ಶಿಕ್ಷಕರಿಗೆ ವರ್ಗಾವಣೆಯಾಗಿ ಅತಿಥಿ ಶಿಕ್ಷಕರ ಜಾಗ ಬಂತು. ತಾಂಡಾದಲ್ಲೇ ಡಿ.ಎಡ್. ಮುಗಿಸಿದ ಒಬ್ಬ ಹೆಣ್ಣುಮಗಳಿದ್ದಳು. ಅರ್ಜಿ ಹಾಕಿದಳು, ಆಯ್ಕೆಯಾದಳು.

ನಾವೆಲ್ಲ ಇನ್ನೇನು ಕೆಲಸ ಆಯಿತು ಅಂದುಕೊಂಡೆವು. ಹೋಗಿ ನೋಡಿದರೆ ಅವಳೇ ಗೋರ್ ಬೋಲಿಗೆ ಬಾಗಿಲು ಹಾಕಿದ್ದಳು. ‘ಕನ್ನಡದಾಗ ಮಾತಾಡ್ರಿ’ ಎಂದು ಮಕ್ಕಳಿಗೆ ಗದರುತ್ತಿದ್ದಳು. ತಾನು ಓದುವಾಗ ಇದೇ ಮಾತಿಗೆ ಏಟು ತಿಂದವಳು. ಟೀಚರ್ ಆದ ಮೇಲೆ ತಾಂಡಾದ ಮಾತಾಡಿದರೆ ಅಕ್ಕೋರು ಎಂದು ಯಾರು ಕರೆಯುತ್ತಾರೆ ಎಂಬ ಅಳುಕು ಬೇರೆ. ಹೊರಗಿನಿಂದ ಬಂದ ಮೇಡಮ್‌ಗೆ ಈ ಅಳುಕು ಇರಲಿಲ್ಲ. ಅವರು ಹಾಜರಿ ಹಿಡಿಯುವಾಗ ಅಡುಗೆಯವರಿಂದ ಕಲಿತ ನಾಲ್ಕು ಮಾತು ತಪ್ಪುತಪ್ಪಾಗಿ ಆಡಿ ಮಕ್ಕಳನ್ನು ನಗಿಸುತ್ತಿದ್ದರು. ಆ ನಗು ನೋಡಿಯೇ ತಾಂಡಾದ ಈ ಹೊಸ ಅಕ್ಕೋರು ಸಡಿಲವಾದರೇನೋ. ಯಾರೂ ಉಪದೇಶ ಮಾಡಲಿಲ್ಲ. ದೀಪಾವಳಿ ರಜೆ ಕಳೆದು ಬರುವಷ್ಟರಲ್ಲಿ ಒಂದನೇ ತರಗತಿಯಲ್ಲಿ ಕಥೆ ಮೊದಲು ಗೋರ್ ಬೋಲಿಯಲ್ಲಿ, ಆಮೇಲೆ ಕನ್ನಡದಲ್ಲಿ ನಡೆಯುತ್ತಿತ್ತು. ನಲಿ-ಕಲಿಯಲ್ಲಿ ಮಕ್ಕಳು ಗುಂಪು ಗುಂಪಾಗಿ ಕೂರುವುದರಿಂದ ಇದಕ್ಕೆ ಜಾಗ ಸುಲಭವಾಗಿ ಸಿಗುತ್ತದೆ. ವೇಳಾಪಟ್ಟಿ ಮುಟ್ಟಬೇಕಾಗಿಯೇ ಇಲ್ಲ.

ಯಾವ ಲಿಪಿ?

ಹುಡುಗರು ಸುಮ್ಮನೆ ಕೂರಲಿಲ್ಲ. ಒಂದು ಪುಸ್ತಕ ಮಾಡುತ್ತೇವೆ ಎಂದು ಹೊರಟರು. ಅಜ್ಜಿಯರಿಂದ ಕಥೆ, ಒಗಟು, ಹೋಳಿಯ ಲೇಂಗಿ ಹಾಡು ಕೇಳಿ ಬರೆದುಕೊಂಡರು. ಬರೆಯುವುದು ಯಾವ ಲಿಪಿಯಲ್ಲಿ ಎಂದು ಜಗಳ ಹತ್ತಿತು.

ಒಬ್ಬ ದೇವನಾಗರಿ ಎಂದ. ಮಹಾರಾಷ್ಟ್ರದ ಬಂಜಾರರು ಅದರಲ್ಲೇ ಬರೆಯುತ್ತಾರೆ, ಸೋಲಾಪುರದ ನೆಂಟರೂ ಓದುತ್ತಾರೆ, ದೇಶದಲ್ಲೆಲ್ಲ ನಾವು ಒಂದು ಅನ್ನಿಸುತ್ತದೆ ಎಂಬುದು ಅವನ ವಾದ. ಇನ್ನೊಬ್ಬ ನಮ್ಮದೇ ಹೊಸ ಲಿಪಿ ಬೇಕು ಎಂದ. ಮೂರನೆಯವನು ಕನ್ನಡ ಎಂದ, ಕಾರಣ ಏನೂ ಕೊಡಲಿಲ್ಲ. ತಿಂಗಳುಗಟ್ಟಲೆ ವಾಟ್ಸಾಪ್ ಗುಂಪಿನಲ್ಲಿ ಇದೇ ನಡೆಯಿತು. ನನ್ನನ್ನು ಕೇಳಿದರು, ನಾನು ಅಭಿಪ್ರಾಯ ಹೇಳಲಿಲ್ಲ. ಕನ್ನಡದವನು ಕನ್ನಡ ಲಿಪಿ ಅಂದರೆ ಅದಕ್ಕೆ ಬೇರೆಯೇ ಬಣ್ಣ ಬರುತ್ತದೆ, ಅದರಲ್ಲೂ ಈ ಗಡಿ ಜಿಲ್ಲೆಗಳಲ್ಲಿ.

ಕೊನೆಗೆ ತೀರ್ಮಾನ ಮಾಡಿದ್ದು ನಾಲ್ಕನೇ ತರಗತಿಯ ಮಕ್ಕಳು ಎನ್ನಬೇಕು. ಅಕ್ಕೋರು ಒಂದೇ ಒಗಟನ್ನು ಎರಡೂ ಲಿಪಿಯಲ್ಲಿ ಬೋರ್ಡಿನ ಮೇಲೆ ಬರೆದರು. ಕನ್ನಡದಲ್ಲಿದ್ದದ್ದನ್ನು ಮಕ್ಕಳು ತಡವರಿಸುತ್ತ ಓದಿ, ಅರ್ಥವಾದ ಕೂಡಲೇ ಹೋ ಎಂದು ಕೂಗಿದರು. ಅಷ್ಟು ಜೋರಾಗಿ ಅವರು ಕನ್ನಡ ಪಾಠ ಓದಿದ್ದನ್ನು ನಾನು ಕೇಳಿರಲಿಲ್ಲ. ದೇವನಾಗರಿಯವನು ‘ಆಯ್ತು, ಮೊದಲ ಪುಸ್ತಕ ಕನ್ನಡದಾಗ ಆಗ್ಲಿ’ ಎಂದ. ಹೊಸ ಲಿಪಿಯವನು ಗುಂಪು ಬಿಟ್ಟ, ಆರು ತಿಂಗಳ ಮೇಲೆ ಮತ್ತೆ ಸೇರಿದ.

ಕನ್ನಡ ಲಿಪಿ ಈ ಮಾತಿಗೆ ಬಹುಮಟ್ಟಿಗೆ ಹೊಂದುತ್ತದೆ. ಮಹಾಪ್ರಾಣ ಇದೆ, ಣ ಮತ್ತು ಳ ಇವೆ. ತೊಡಕಾಗುವುದು ಮೂಗಿನಿಂದ ಹೊರಡುವ ಸ್ವರ. ಏನು ಎಂದು ಕೇಳುವ ಮಾತನ್ನು ಸೊನ್ನೆ ಹಾಕಿ ‘ಕಾಂಯಿ’ ಎಂದು ಬರೆಯಬೇಕು. ಸೊನ್ನೆ ಬಿಟ್ಟರೆ ಕನ್ನಡ ಓದುವ ಮಗು ತೆಂಗಿನಕಾಯಿ ಅಂದುಕೊಳ್ಳುತ್ತದೆ. ಪೇಟೆಯ ಡಿಟಿಪಿ ಅಂಗಡಿಯವನು ಮೊದಲ ಪ್ರತಿಯಲ್ಲಿ ‘ತಪ್ಪು ತಿದ್ದುತ್ತೇನೆ’ ಎಂದು ಸೊನ್ನೆಗಳನ್ನೆಲ್ಲ ತೆಗೆದಿದ್ದ. ಮಹಾಪ್ರಾಣವನ್ನೂ ಅಲ್ಲಲ್ಲಿ ಹಾರಿಸಿದ್ದ. ಹುಡುಗರು ಒಂದಿಡೀ ದಿನ ಅವನ ಪಕ್ಕ ಕೂತು ಮತ್ತೆ ಹಾಕಿಸಿದರು. ಹೊರಬಂದದ್ದು ಝೆರಾಕ್ಸ್ ಮಾಡಿ ಪಿನ್ ಹೊಡೆದ ನಲವತ್ತು ಪುಟದ ಪುಸ್ತಕ. ಮುಖಪುಟಕ್ಕೆ ಅಜ್ಜಿಯೊಬ್ಬರ ಕನ್ನಡಿ ಕಸೂತಿಯ ಫೋಟೋ.

ಅಕಾಡೆಮಿಯಿಂದ ಅನುದಾನ ತರೋಣ, ಚೆಂದ ಮಾಡಿ ಅಚ್ಚು ಹಾಕೋಣ ಎಂದು ಒಬ್ಬರು ಸಲಹೆ ಕೊಟ್ಟರು. ಬಂಜಾರ ಭಾಷೆ, ಸಂಸ್ಕೃತಿಗೆಂದೇ ರಾಜ್ಯದಲ್ಲಿ ಅಕಾಡೆಮಿ ಇದೆ. ಆದರೆ ಹುಡುಗರು ಅವಸರ ಮಾಡಲಿಲ್ಲ. ಪುಸ್ತಕ ತಾಂಡಾದಲ್ಲಿ ಓಡಾಡಲಿ, ತಪ್ಪು ಎಷ್ಟಿವೆ ಗೊತ್ತಾಗಲಿ, ಆಮೇಲೆ ನೋಡೋಣ ಎಂದರು. ನನಗೆ ಹಿಡಿಸಿತು.

ಹಾಡಿನ ಗಲಾಟೆ

ಪುಸ್ತಕದ ಹುಮ್ಮಸ್ಸಿನಲ್ಲೇ ಒಂದು ಎಡವಟ್ಟಾಯಿತು. ಲಂಬಾಣಿ ಮದುವೆಯಲ್ಲಿ ಮದುಮಗಳು ತವರು ಬಿಡುವಾಗ ಒಬ್ಬೊಬ್ಬರನ್ನೇ ತಬ್ಬಿಕೊಂಡು ಹಾಡುತ್ತ ಅಳುತ್ತಾಳೆ. ಢಾವಲೋ ಎನ್ನುತ್ತಾರೆ. ಕಟ್ಟಿದ ಹಾಡು ಅದಲ್ಲ. ಅಪ್ಪ ಕೊಡಿಸದ ಬಳೆ, ಅತ್ತಿಗೆ ಆಡಿದ ಮಾತು, ಜೊತೆಗೆ ಬೆಳೆದ ಎಮ್ಮೆಕರು, ಎಲ್ಲ ಹೆಸರು ಹಿಡಿದು ಬರುತ್ತದೆ. ಗುಂಪಿನ ಹುಡುಗನೊಬ್ಬ ಅಂಥದ್ದನ್ನು ಫೋನಿನಲ್ಲಿ ಹಿಡಿದು, ಹಿಂದೆ ಸ್ವಲ್ಪ ಮ್ಯೂಸಿಕ್ ಸೇರಿಸಿ, ನಮ್ಮ ಸಂಸ್ಕೃತಿ ಉಳಿಸಿ ಎಂದು ಬರೆದು ಯೂಟ್ಯೂಬಿಗೆ ಹಾಕಿದ. ತುಂಬ ಜನ ನೋಡಿದರು. ಮದುಮಗಳ ಗಂಡನ ಮನೆಯವರೂ ನೋಡಿದರು. ಅತ್ತಿಗೆಯ ತವರಿನವರೂ ನೋಡಿದರು!

ತಾಂಡಾದ ಮುಖ್ಯಸ್ಥರಾದ ನಾಯಕರ ಮನೆ ಮುಂದೆ ಪಂಚಾಯ್ತಿ ಸೇರಿತು. ನಾನು ಹೋಗಲಿಲ್ಲ, ಕರೆದೂ ಇರಲಿಲ್ಲ. ಅಲ್ಲಿ ಆದ ತೀರ್ಮಾನವನ್ನು ಆಮೇಲೆ ಅಕ್ಕೋರು ಹೇಳಿದರು. ಲೇಂಗಿ, ತೀಜ್ ಹಾಡು, ಭಜನೆ ಊರೊಟ್ಟಿನವು, ಹಾಕಬಹುದು. ಢಾವಲೋ ಹಾಡಿದವಳದು, ಅವಳು ಹೂಂ ಅನ್ನದೆ ಹೊರಗೆ ಹೋಗಕೂಡದು. ಅಜ್ಜ ಅಜ್ಜಿಯರ ಕಥೆಗೆ ಹೇಳಿದವರ ಹೆಸರು ಹಾಕಬೇಕು. ವಿಡಿಯೋ ತೆಗೆಸಿದರು. ಹಿಡಿದಿಟ್ಟ ಧ್ವನಿಗಳನ್ನು ಎರಡು ಪೆನ್‌ಡ್ರೈವ್‌ನಲ್ಲಿ ಹಾಕಿ, ಒಂದನ್ನು ಸೇವಾಲಾಲ್ ಗುಡಿಯ ಕಪಾಟಿನಲ್ಲಿ, ಇನ್ನೊಂದನ್ನು ಅಂಗನವಾಡಿ ಕಾರ್ಯಕರ್ತೆಯ ಮನೆಯಲ್ಲಿ ಇಟ್ಟರು. ಶಾಲೆಯ ಕಂಪ್ಯೂಟರಿನಲ್ಲಿ ಒಂದು ಪ್ರತಿ ಇರಲಿ ಎಂದು ಹೆಡ್ ಮಾಸ್ತರ್ ಕೇಳಿದ್ದಕ್ಕೆ ಬೇಡ ಎಂದರು. ಮಾಸ್ತರರು ಸ್ವಲ್ಪ ಮುನಿಸಿಕೊಂಡರು. ನನಗೆ ಮಾತ್ರ ಈ ‘ಬೇಡ’ ಒಳ್ಳೆ ಸೂಚನೆಯಾಗಿ ಕಂಡಿತು. ತಮ್ಮ ಭಾಷೆಯ ವಿಷಯದಲ್ಲಿ ಹೊರಗಿನವರಿಗೆ ಇಷ್ಟು ಸಲೀಸಾಗಿ ಇಲ್ಲ ಎನ್ನುವ ಜನ ಅದನ್ನು ಅಷ್ಟು ಬೇಗ ಕೈಬಿಡುವುದಿಲ್ಲ.

ಮಾತು ನಿಲ್ಲುತ್ತಿರುವುದು ಎಲ್ಲಿ

ಇಷ್ಟು ಹೊತ್ತು ಶಾಲೆ, ಪುಸ್ತಕ, ಹಾಡು ಎಂದೆ. ನಿಜವಾದ ಗಂಟು ಬೇರೆ ಕಡೆ ಇತ್ತು. ಅದು ಗೊತ್ತಾದದ್ದು ತಡವಾಗಿ.

ಗುಳೆಯಿಂದ ಭಾಷೆ ಹಾಳಾಗುತ್ತದೆ ಎಂದು ನಾವೆಲ್ಲ ನಂಬಿದ್ದೆವು. ಹೇಳಲು ಸುಲಭ, ಕೇಳಲೂ ಸರಿಯೆನಿಸುತ್ತದೆ. ಅಕ್ಕೋರು ಒಂದು ನೋಟ್‌ಬುಕ್ ಹಿಡಿದು ಮನೆ ಮನೆಗೆ ಹೋಗಿ, ಯಾರ ಮಕ್ಕಳು ಯಾರ ಜೊತೆ ಯಾವ ಮಾತು ಆಡುತ್ತಾರೆ ಎಂದು ಬರೆದುಕೊಂಡು ಬಂದರು. ಅದರಲ್ಲಿ ಕಂಡದ್ದೇ ಬೇರೆ.

ದೀಪಾವಳಿ ಮುಗಿಸಿ ಮುಕಾದಮನ (ಕೂಲಿಯವರ ಗ್ಯಾಂಗು ಕಟ್ಟುವ ಮೇಸ್ತ್ರಿಯ) ಮುಂಗಡ ತಗೊಂಡು ಕಬ್ಬು ಕಡಿಯಲು ಹೋಗುವ ಕುಟುಂಬಗಳ ಮಕ್ಕಳಲ್ಲಿ ಗೋರ್ ಬೋಲಿ ಗಟ್ಟಿಯಾಗಿತ್ತು. ಗ್ಯಾಂಗಿನಲ್ಲಿ ಎಲ್ಲರೂ ಅದೇ ತಾಂಡಾದವರು, ಇಲ್ಲವೇ ಪಕ್ಕದ ತಾಂಡಾದವರು. ಸಾಂಗ್ಲಿಯೋ ಕೊಲ್ಹಾಪುರವೋ, ಕಬ್ಬಿನ ಗದ್ದೆಯ ಪಕ್ಕ ಜೋಪಡಿ ಹಾಕಿ ಉಗಾದಿವರೆಗೆ ಒಟ್ಟಿಗೆ ಇರುತ್ತಾರೆ. ರಾತ್ರಿ ಒಲೆ ಮುಂದೆ ಅದೇ ಮಾತು, ಅದೇ ಹಾಡು. ಆ ಮಕ್ಕಳ ಶಾಲೆ ಮಾತ್ರ ಅರ್ಧ ವರ್ಷ ಮುರಿದು ಬೀಳುತ್ತದೆ.

ಪುಣೆ, ಗೋವಾದಲ್ಲಿ ಕಟ್ಟಡ ಕೆಲಸಕ್ಕೆ ಹೋಗಿ ಒಂದೊಂದೇ ಕುಟುಂಬವಾಗಿ ಬಾಡಿಗೆ ಖೋಲಿಯಲ್ಲಿ ಇರುವವರ ಮಕ್ಕಳು ಆಡುವುದು ಹಿಂದಿ. ಅಪ್ಪ ಅವ್ವ ಗೋರ್ ಬೋಲಿಯಲ್ಲಿ ಕೇಳಿದರೆ ಹಿಂದಿಯಲ್ಲಿ ಉತ್ತರ ಬರುತ್ತದೆ.

ಮೂರನೆಯ ಗುಂಪಿಗೆ ಬಂದಾಗ ಎಲ್ಲರೂ ಮೌನವಾದರು. ಪೊಲೀಸ್, ಕಂಡಕ್ಟರ್, ಟೀಚರ್, ಬ್ಯಾಂಕು ಎಂದು ಕೆಲಸ ಹಿಡಿದು ವಿಜಯಪುರದಲ್ಲಿ ಮನೆ ಮಾಡಿದವರ ಮಕ್ಕಳಿಗೆ ಮಾತು ಹೆಚ್ಚುಕಡಿಮೆ ಇಲ್ಲವೇ ಇಲ್ಲ. ಯಾಡಿ, ಬಾಟಿ, ಪಾಣಿ ಇಂಥ ಹತ್ತಿಪ್ಪತ್ತು ಪದ ಗೊತ್ತು. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಇಂಗ್ಲಿಷ್. ಅರ್ಜಿ ಬರೆದ ಹುಡುಗರ ಪೈಕಿ ಇಬ್ಬರ ಅಣ್ಣಂದಿರ ಮನೆಗಳೂ ಈ ಪಟ್ಟಿಯಲ್ಲಿದ್ದವು.

ಅಂದರೆ ಬದುಕು ಕಷ್ಟದಲ್ಲಿರುವ ಕಡೆ ಮಾತು ಗಟ್ಟಿ ಇದೆ, ಬದುಕು ಒಂದು ದಡ ಸೇರಿದ ಕಡೆ ಮಾತು ನಿಂತಿದೆ. ಜಯಂತಿಯ ದಿನ ಆ ತಾಯಿ ಸಿಟ್ಟಾಗಿದ್ದು ಇದಕ್ಕೇ. ತಾಂಡಾದಲ್ಲಿ ಭಾಷೆ ಉಳಿಸಿ ಎಂದು ಪೇಟೆಯಿಂದ ಬಂದು ಭಾಷಣ ಮಾಡುವುದೆಂದರೆ, ನೀವು ಹೀಗೇ ಇರಿ, ನಮ್ಮ ಪರವಾಗಿ ಮಾತು ಕಾಯ್ದುಕೊಂಡಿರಿ ಎಂದು ಬಡವರಿಗೆ ಹೇಳಿದ ಹಾಗೆ. ಅವರು ಯಾಕೆ ಕಾಯಬೇಕು? ನೆರವು ಬೇಕಾಗಿರುವುದು ದಡ ಸೇರಿದವರ ಮನೆಗೆ. ಅಲ್ಲಿ ಈ ಮಾತಿಗೆ ಒಂದು ಕೆಲಸ ಸಿಗಬೇಕು.

ಇದನ್ನು ನಾನು ಸಭೆಯಲ್ಲಿ ಹೇಳಿದಾಗ ಪೇಟೆಯಿಂದ ಬಂದಿದ್ದ ನೌಕರರೊಬ್ಬರಿಗೆ ಇಷ್ಟವಾಗಲಿಲ್ಲ. ‘ನನ್ನ ಮಗಳು ಕ್ಲಾಸಿನಲ್ಲಿ ಜಾತಿ ಹೇಳಿಸಿಕೊಂಡು ಅತ್ತು ಬಂದಿದ್ದಾಳೆ ಸರ್. ಮಾತಿನ ಮೇಲೇ ಗುರುತು ಹಿಡೀತಾರೆ. ನಾನು ಯಾವ ಮುಖ ಇಟ್ಕೊಂಡು ಕಲಿಸಲಿ?’ ಎಂದರು. ಅದಕ್ಕೆ ಉತ್ತರ ನನ್ನ ಹತ್ತಿರ ಇರಲಿಲ್ಲ. ಭಾಷೆ ಬಿಡುವವರನ್ನು ನಾವು ಅಭಿಮಾನ ಇಲ್ಲದವರು ಎಂದು ಸುಲಭವಾಗಿ ಅಂದುಬಿಡುತ್ತೇವೆ. ಬಿಡಿಸುವುದರಲ್ಲಿ ನಮ್ಮಂಥವರ ಮಕ್ಕಳದೂ ಪಾಲಿದೆ.

ದೀಪಾವಳಿಯಲ್ಲಿ ಪುಸ್ತಕ

ಪುಸ್ತಕ ನಿಜವಾಗಿ ಉಪಯೋಗಕ್ಕೆ ಬಂದದ್ದು ನಾವು ಯಾರೂ ಅಂದುಕೊಳ್ಳದ ಕಡೆ. ಲಂಬಾಣಿಗರ ದೀಪಾವಳಿಯ ಅಮಾವಾಸ್ಯೆ ರಾತ್ರಿ ಮದುವೆಯಾಗದ ಹುಡುಗಿಯರು ದೀಪ ಹಿಡಿದು ಮನೆ ಮನೆಗೆ ಹೋಗಿ ಹಿರಿಯರಿಗೆ ಹಾಡಿನಲ್ಲೇ ಶುಭ ಕೋರುತ್ತಾರೆ. ಮೇರಾ ಎನ್ನುತ್ತಾರೆ. ಮರುದಿನ ಹೊಲಕ್ಕೆ ಹೋಗಿ ಹಾಡುತ್ತ ಹೂ ತರುತ್ತಾರೆ. ಗ್ಯಾಂಗು ಹೊರಡುವುದಕ್ಕೆ ಮುಂಚಿನ ಹಬ್ಬ ಇದು. ಪುಣೆಯವರು, ಗೋವಾದವರು, ಪೇಟೆಯವರು ಎಲ್ಲ ಬಂದಿರುತ್ತಾರೆ.

ಪೇಟೆಯ ಹುಡುಗಿಯರಿಗೆ ಮೇರಾ ಹೋಗುವ ಆಸೆ ಇತ್ತು, ಹಾಡು ಬರುತ್ತಿರಲಿಲ್ಲ. ತಾಂಡಾದ ಹುಡುಗಿಯರು ಅವರನ್ನು ನೋಡಿ ಕಿಸಿಕಿಸಿ ನಗುತ್ತಿದ್ದರು. ಆ ವರ್ಷ ಯಾರೋ ಪುಸ್ತಕದ ಆ ಪುಟಗಳ ಫೋಟೋ ತೆಗೆದು ಅವರಿಗೆ ಕಳಿಸಿದರು. ಹಬ್ಬಕ್ಕೆ ವಾರ ಇರುವಾಗಲೇ ಅಜ್ಜಿಯರ ಫೋನಿಗೆ ಕರೆ ಶುರು. ಈ ಸಾಲು ಹೇಗೆ ಹೇಳೋದು, ಇಲ್ಲಿ ರಾಗ ಎಲ್ಲಿ ಎಳೆಯೋದು. ಅಜ್ಜಿಯರು ಓದಲಾರರು, ಮೊಮ್ಮಕ್ಕಳಿಗೆ ಹಾಡಲು ಬಾರದು. ಒಬ್ಬರ ಕೊರತೆ ಇನ್ನೊಬ್ಬರು ತುಂಬಿದರು. ಕನ್ನಡ ಲಿಪಿಯ ವಾದಕ್ಕೆ ಕಾರಣ ಕೊಡಲಾರದ ಹುಡುಗನಿಗೆ ಕಾರಣ ಸಿಕ್ಕಿತು: ಪೇಟೆಯ ಮಕ್ಕಳು ಇಂಗ್ಲಿಷ್ ಮೀಡಿಯಂ ಆದರೂ ಕನ್ನಡ ಅಕ್ಷರ ಕಲಿತೇ ಇರುತ್ತಾರೆ.

ಅಂದಿನಿಂದ ಕೆಲಸದ ದಾರಿ ಬದಲಾಯಿತು. ಶ್ರಾವಣದ ತೀಜ್‌ಗೆ ಹುಡುಗಿಯರು ಬುಟ್ಟಿಯಲ್ಲಿ ಗೋಧಿ ಮೊಳಕೆ ಬೆಳೆಸಿ ಹಾಡುತ್ತಾರಲ್ಲ, ಅದಕ್ಕೆ ಬೇಕಾದ ಹಾಡುಗಳನ್ನು ಮೊದಲೇ ಧ್ವನಿ ಮಾಡಿ ಗುಂಪಿನಲ್ಲಿ ಹಾಕುತ್ತಾರೆ. ಗ್ಯಾಂಗಿಗೆ ಹೋದ ಅಜ್ಜಿಯರು ಅಲ್ಲಿಂದ ಕಥೆ ಹೇಳಿ ಕಳಿಸುತ್ತಾರೆ. ಗುಳೆ ಹೋದವರ ಮಕ್ಕಳಿಗೆಂದು ನಡೆಸುವ ಸೀಜನಲ್ ಹಾಸ್ಟೆಲಿನಲ್ಲಿ ಅಕ್ಕೋರು ಸಂಜೆ ಅದನ್ನು ಕೇಳಿಸುತ್ತಾರೆ. ಒಂದು ಕಥೆಯ ಹಿಂದೆ ಕಬ್ಬು ಹೇರುವ ಟ್ರ್ಯಾಕ್ಟರ್ ಸದ್ದು ಎಷ್ಟಿತ್ತೆಂದರೆ ಮಕ್ಕಳು ಕಥೆ ಬಿಟ್ಟು ಅದು ಯಾರ ಟ್ರ್ಯಾಕ್ಟರ್ ಎಂದು ವಾದ ಮಾಡಿದರು. ಮಾಡಿದ್ದು ಗೋರ್ ಬೋಲಿಯಲ್ಲೇ, ಇರಲಿ.

ಫಲ ಏನು ಅಂದರೆ, ಪೂರ್ತಿ ಖುಷಿ ಪಡುವಂಥದ್ದಲ್ಲ. ಒಂದು ಮತ್ತು ಎರಡನೇ ತರಗತಿಯ ಮಕ್ಕಳು ಈಗ ಬೇಗ ಬಾಯಿ ಬಿಡುತ್ತಾರೆ, ಕನ್ನಡ ಓದುವುದೂ ಮೊದಲಿಗಿಂತ ಸುಧಾರಿಸಿದೆ. ಮೊಟ್ಟೆ ಎಣಿಸುತ್ತಿದ್ದ ಹುಡುಗಿ ಲೆಕ್ಕದಲ್ಲಿ ಮುಂದಿದ್ದಾಳೆ, ಬಾಯಿ ಈಗ ಮುಚ್ಚಿಸುವುದೇ ಕಷ್ಟ. ಪೇಟೆಯ ಮಕ್ಕಳು ಹಾಡುತ್ತಾರೆ, ಆದರೆ ಹಾಡು ಮುಗಿದ ಮೇಲೆ ಮಾತಾಡುವುದು ಕನ್ನಡದಲ್ಲೇ. ಹಾಡಿನಿಂದ ಮಾತಿಗೆ ಬರುವ ಹಾದಿ ಉದ್ದ ಇದೆ. ಖೋಲಿಯ ಮಕ್ಕಳ ವಿಷಯದಲ್ಲಿ ನಮ್ಮಿಂದ ಏನೂ ಆಗಿಲ್ಲ.

ಮುಂದೆ ಬಾಕಿ ಇರುವುದು

ಎರಡು ಕೆಲಸ ಎದುರಿಗಿವೆ. 2027ರ ಜನಗಣತಿಯಲ್ಲಿ ಎಣಿಕೆದಾರರು ಮಾತೃಭಾಷೆ ಕೇಳುತ್ತಾರೆ, ಹೇಳಿದ್ದನ್ನು ಬರೆದುಕೊಳ್ಳುತ್ತಾರೆ. ಕೆಲವರು ಲಂಬಾಣಿ ಎನ್ನುತ್ತಾರೆ, ಕೆಲವರು ಬಂಜಾರ, ಹುಡುಗರು ಗೋರ್ ಬೋಲಿ, ಪೇಟೆಯವರು ಕನ್ನಡ. ಹೀಗೆ ಚದುರಿದರೆ ಲೆಕ್ಕವೂ ಚದುರುತ್ತದೆ. ಒಂದೇ ಹೆಸರು ಹೇಳೋಣ ಎಂದು ಹುಡುಗರು ಸುತ್ತಲಿನ ತಾಂಡಾಗಳಿಗೆ ಬೈಕ್ ಹತ್ತಿ ಹೋಗುತ್ತಿದ್ದಾರೆ. ಯಾವ ಹೆಸರು ಎಂಬುದು ಇನ್ನೂ ತೀರ್ಮಾನವಾಗಿಲ್ಲ. ಲಿಪಿಯ ಜಗಳ ನೋಡಿದವನಿಗೆ ಇದು ಬೇಗ ಮುಗಿಯುತ್ತದೆ ಎಂಬ ಭರವಸೆ ಇಲ್ಲ. ಗಣತಿಯ ಹೊತ್ತಿಗೆ ಗ್ಯಾಂಗಿನವರು ಕಬ್ಬಿನ ಗದ್ದೆಯಲ್ಲಿರುತ್ತಾರೆ. ಎಣಿಕೆದಾರರು ಬಂದರೆ ಏನು ಬರೆಸಬೇಕು ಎಂದು ಮುಕಾದಮನಿಗೂ ಹೇಳಿಡಬೇಕು ಎಂದು ನಾಯಕರು ನೆನಪಿಸಿದರು. ಅದು ನಮಗ್ಯಾರಿಗೂ ಹೊಳೆದಿರಲಿಲ್ಲ.

ಇನ್ನೊಂದು ಅಕ್ಕೋರ ಕೆಲಸ. ಅತಿಥಿ ಶಿಕ್ಷಕರ ನೇಮಕ ವರ್ಷ ವರ್ಷ ಹೊಸದಾಗಿ ಆಗಬೇಕು, ಕಾಯಂ ಶಿಕ್ಷಕರು ಬಂದರೆ ಆ ಜಾಗ ಹೋಗುತ್ತದೆ. ತಾಂಡಾ ಶಾಲೆಗಳ ಒಂದು, ಎರಡನೇ ತರಗತಿಗೆ ಆ ಮಾತು ಬಲ್ಲವರಿಗೆ ಆದ್ಯತೆ ಕೊಡಿ ಎಂದು ಎಸ್‌ಡಿಎಂಸಿಯವರು ಠರಾವು ಮಾಡಿ ಮೇಲೆ ಕಳಿಸಿದ್ದಾರೆ. ಜೊತೆಗೆ ನಾನು ಮೊಟ್ಟೆ, ಬಾಳೆಹಣ್ಣಿನ ಲೆಕ್ಕದ ಆ ದಿನದ ಬಗ್ಗೆ ಒಂದು ಪುಟದ ವರದಿ ಬರೆದು ಲಗತ್ತಿಸಿದ್ದೇನೆ. ಅಡುಗೆಯವರು ಅದನ್ನು ಓದಿಸಿಕೊಂಡು ಕೇಳಿ, ‘ನನ್ನ ಪಗಾರಿನ ಮಾತೂ ಎರಡು ಸಾಲು ಬರೀಬೇಕಿತ್ತಲ್ರಿ’ ಎಂದರು. ಅದನ್ನೂ ಸೇರಿಸಿ ಮತ್ತೆ ಕಳಿಸಿದ್ದೇವೆ.